ಎಣ್ಣೆ ಹಚ್ಚಿದ ಏರ್ ಫಿಲ್ಟರ್ ಜಗಳೂರಿನ ಧೂಳಿಗೆ ಆಗುತ್ತಾ?

ಗಾಡಿ ಇರೋರು, ಗಾಡಿ ಇಲ್ಲದಿದ್ರೂ ಗಾಡಿ ಬಗ್ಗೆ ಮಾತಾಡೋರು ಒಂದು ಟೇಬಲ್‌ಗೆ ಸೇರಿದ್ರೆ ಈ ಡೈಲಾಗ್ ಬಂದೇ ಬರುತ್ತೆ: "ಸ್ಟಾಕ್ ಏರ್ ಫಿಲ್ಟರ್ ಕಿತ್ತಾಕು ಮಗಾ, ಕೆ ಆ್ಯಂಡ್ ಎನ್ ಹಾಕ್ಸು, ಆಮೇಲೆ ಪಿಕಪ್ ನೋಡು." ಈ ಸಲ ಸೆಮಿಸ್ಟರ್ ರಜೆಗೆ ನಮ್ಮ ಬ್ಯಾಚ್‌ನ ಕೆಲವರು ಜಗಳೂರು ತಾಲ್ಲೂಕಿನ ಕಚ್ಚಾ ರಸ್ತೆಗಳಲ್ಲಿ ಎರಡು ದಿನದ ರೈಡ್ ಪ್ಲಾನ್ ಮಾಡಿದ್ದಾರೆ. ಎರಡು ಎಕ್ಸ್‌ಪಲ್ಸ್, ಒಂದು ಹಿಮಾಲಯನ್, ಒಬ್ಬನ ಅಣ್ಣನ ಡೀಸೆಲ್ ಥಾರ್. ಥಾರ್‌ಗೆ ಎಣ್ಣೆ ಫಿಲ್ಟರ್ ಆರ್ಡರ್ ಮಾಡೋದಾ ಬೇಡ್ವಾ ಅಂತ ಒಂದು ವಾರದಿಂದ ಮೆಸ್‌ನಲ್ಲಿ ವಾದ ನಡೀತಿದೆ. ನಾನು ಜಗಳೂರಿನವನು, ಮೇಲಾಗಿ ಮೆಕ್ಯಾನಿಕಲ್. ಹಾಗಾಗಿ ತೀರ್ಪು ಕೊಡೋ ಕೆಲಸ ನನ್ನ ತಲೆಗೆ ಬಂತು. ಥಾರ್ ಅಣ್ಣನದು, ಅದರ ಲೋನ್ ಇನ್ನೂ ಮೂರು ವರ್ಷ ಬಾಕಿ ಇದೆ. ಸುಮ್ನೆ ಅಭಿಪ್ರಾಯ ಹೇಳೋ ಬದಲು ಲೆಕ್ಕ ಹಾಕಿ ಹೇಳೋಣ ಅಂತ ಕೂತೆ.

ಮೊದಲು ಧೂಳಿನ ಬಗ್ಗೆ. ಯೂಟ್ಯೂಬ್‌ನಲ್ಲಿ ಕನ್ನಡದ ಆಫ್‌ರೋಡ್ ವಿಡಿಯೋ ಅಂದ್ರೆ ಹೆಚ್ಚಿನವು ಸಕಲೇಶಪುರ, ಕೊಡಗು, ಚಿಕ್ಕಮಗಳೂರು ಕಡೆಯವು. ಅಲ್ಲಿ ಸಮಸ್ಯೆ ಕೆಸರು, ಮಳೆ, ಹಳ್ಳದ ನೀರು. ನಮ್ಮ ಕಡೆ ಹಂಗಲ್ಲ. ಜಗಳೂರು 1997ರ ತನಕ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಆಮೇಲೆ ಹೊಸ ದಾವಣಗೆರೆ ಜಿಲ್ಲೆಗೆ ಬಂತು. ಜಿಲ್ಲೆ ಬದಲಾದ್ರೂ ಬರ ಬದಲಾಗ್ಲಿಲ್ಲ. ಒಂದು ಕಡೆ ಕೆಂಪು ಮಣ್ಣು, ಇನ್ನೊಂದು ಕಡೆ ಎರೆ ಹೊಲ. ಬೆಳೆಯೋದು ಮೆಕ್ಕೆಜೋಳ, ಶೇಂಗಾ, ಈರುಳ್ಳಿ. ಫೆಬ್ರವರಿ ದಾಟಿದ್ರೆ ಹೊಲದ ದಾರಿಗಳ ಮೇಲೆ ಕಾಲಿಟ್ಟರೆ ಪೌಡರ್ ಡಬ್ಬಿಗೆ ಕಾಲಿಟ್ಟ ಹಾಗೆ ಆಗುತ್ತೆ. ಟ್ರ್ಯಾಕ್ಟರ್, ಟಿಪ್ಪರ್ ಓಡಾಡಿ ಓಡಾಡಿ ಮಣ್ಣನ್ನ ಗಿರಣಿಗೆ ಹಾಕಿದ ಹಾಗೆ ಬೀಸಿರ್ತಾವೆ. ಹಿಂದೆ ಬರೋ ಗಾಡಿಯವನಿಗೆ ಮುಂದಿನ ಗಾಡಿಯ ಬ್ರೇಕ್ ಲೈಟ್ ಕೂಡ ಕಾಣಲ್ಲ.

ಮಣ್ಣಿನ ಬಣ್ಣ ಏನೇ ಇರಲಿ, ಎಂಜಿನ್‌ಗೆ ಭಯ ಇರೋದು ಅದರಲ್ಲಿರೋ ಸಿಲಿಕಾಗೆ, ಅಂದ್ರೆ ಬೆಣಚು ಕಲ್ಲಿನ ಪುಡಿಗೆ. ಮೋಸ್ ಗಡಸುತನದ ಅಳತೆಯಲ್ಲಿ ಅದು 7. ಸಿಲಿಂಡರ್ ಮಾಡಿರೋ ಎರಕದ ಕಬ್ಬಿಣ ಅದಕ್ಕಿಂತ ಮೆತ್ತಗೆ. ಪಿಸ್ಟನ್ ರಿಂಗ್‌ಗೂ ಸಿಲಿಂಡರ್ ಗೋಡೆಗೂ ನಡುವೆ ಇರೋ ಎಣ್ಣೆ ಪದರ ಕೆಲವೇ ಮೈಕ್ರಾನ್ ದಪ್ಪ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ಅಂತ ಇಟ್ಕೊಳ್ಳಿ, ಅದರ ಹತ್ತರಲ್ಲೊಂದು ಭಾಗದ ಲೆಕ್ಕ ಇದು. ಆ ಪದರಕ್ಕಿಂತ ಚಿಕ್ಕ ಕಣ ಅದರೊಳಗೆ ತೇಲ್ಕೊಂಡು ಹೋಗುತ್ತೆ. ತುಂಬಾ ದೊಡ್ಡ ಕಣ ಆ ಸಂದಿಗೆ ಸುಲಭವಾಗಿ ನುಗ್ಗಲ್ಲ. ಪದರದಷ್ಟೇ ಅಥವಾ ಸ್ವಲ್ಪ ದೊಡ್ಡದಾದ ಕಣ, ಅಂದ್ರೆ ಸುಮಾರು 5ರಿಂದ 20 ಮೈಕ್ರಾನ್‌ನದು, ಎರಡೂ ಕಡೆ ಉಜ್ಜಿಕೊಂಡು ಎಮರಿ ಪೇಪರ್ ಕೆಲಸ ಮಾಡುತ್ತೆ. ಕಣ್ಣಿಗೆ ಕಾಣೋ ಮರಳು ಅಷ್ಟು ಡೇಂಜರ್ ಅಲ್ಲ, ಕಾಣದೇ ಇರೋದೇ ಡೇಂಜರ್. ಫಿಲ್ಟರ್ ಒಳ್ಳೇದಾ ಕೆಟ್ಟದಾ ಅಂತ ಬೆಳಕಿಗೆ ಹಿಡಿದು ನೋಡಿ ಹೇಳೋಕೆ ಆಗಲ್ಲ ಅನ್ನೋದಕ್ಕೂ ಇದೇ ಕಾರಣ.

ಹಂಗಾದ್ರೆ ಫಿಲ್ಟರ್ ಈ ಕಣಗಳನ್ನ ಹಿಡಿಯೋದು ಹೇಗೆ? ಜರಡಿ ಥರ ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ. ಜರಡಿ ಕೆಲಸ ಅದರಲ್ಲಿ ಒಂದು ಪಾಲು ಮಾತ್ರ. ಗಾಳಿ ನಾರಿನ ಸುತ್ತ ತಿರುಗಿ ಹೋಗುವಾಗ ಭಾರದ ಕಣಕ್ಕೆ ಜಡತ್ವದಿಂದ ತಿರುಗೋಕೆ ಆಗಲ್ಲ, ನೇರವಾಗಿ ಹೋಗಿ ನಾರಿಗೆ ಡಿಕ್ಕಿ ಹೊಡೆಯುತ್ತೆ. ಮಧ್ಯಮ ಗಾತ್ರದ್ದು ಗಾಳಿಯ ಜೊತೆ ತಿರುಗಿದ್ರೂ ಪಕ್ಕದಲ್ಲಿ ಹಾದು ಹೋಗುವಾಗ ನಾರಿಗೆ ತಾಗಿ ಅಂಟಿಕೊಳ್ಳುತ್ತೆ. ಒಂದು ಮೈಕ್ರಾನ್‌ಗಿಂತ ತುಂಬಾ ಚಿಕ್ಕವು ಬ್ರೌನಿಯನ್ ಚಲನೆಯಿಂದ ಅತ್ತಿತ್ತ ಅಲೆದಾಡಿ ಎಲ್ಲೋ ಒಂದು ಕಡೆ ಸಿಕ್ಕಿಹಾಕ್ಕೊಳ್ತಾವೆ. ಪೇಪರ್ ಫಿಲ್ಟರ್‌ನಲ್ಲಿ ನಾರುಗಳು ತುಂಬಾ ಒತ್ತೊತ್ತಾಗಿರ್ತಾವೆ, ಮಡಿಕೆ ಹಾಕಿರೋದ್ರಿಂದ ವಿಸ್ತೀರ್ಣವೂ ಜಾಸ್ತಿ. ಇನ್ನೊಂದು ಮಜಾ ಅಂದ್ರೆ, ಪೇಪರ್ ಮೇಲೆ ಕೂತ ಧೂಳೇ ಮುಂದಿನ ಧೂಳಿಗೆ ಫಿಲ್ಟರ್ ಆಗುತ್ತೆ. ಅಂದ್ರೆ ಸ್ವಲ್ಪ ಕೊಳೆಯಾದ ಪೇಪರ್ ಫಿಲ್ಟರ್ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತೆ. ಗಾಳಿ ಕಷ್ಟಪಟ್ಟು ಬರುತ್ತೆ, ಆದ್ರೆ ಶುದ್ಧವಾಗಿ ಬರುತ್ತೆ.

ಎಣ್ಣೆ ಫಿಲ್ಟರ್ ಕಥೆ ಬೇರೆ. ಕೆ ಆ್ಯಂಡ್ ಎನ್ ಅಂದ್ರೆ ಕೆನ್ ಮತ್ತು ನಾರ್ಮ್ ಅಂತ ಇಬ್ಬರ ಹೆಸರು. ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಬೈಕ್ ಅಂಗಡಿ ಇಟ್ಟುಕೊಂಡಿದ್ದ, ಮರುಭೂಮಿ ರೇಸಿಂಗ್ ಹುಚ್ಚಿದ್ದ ಇಬ್ಬರು 1960ರ ದಶಕದ ಕೊನೆಯಲ್ಲಿ ಮಾಡಿದ್ದು. ಹತ್ತಿಯ ಗಾಜ್ ಬಟ್ಟೆಯ ಕೆಲವು ಪದರ, ಎರಡೂ ಕಡೆ ಅಲ್ಯೂಮಿನಿಯಂ ಜಾಲರಿ, ಮೇಲೆ ಅಂಟು ಅಂಟಾದ ಕೆಂಪು ಎಣ್ಣೆ. ಬಟ್ಟೆಯ ಕಣ್ಣುಗಳು ಪೇಪರ್‌ನ ರಂಧ್ರಗಳಿಗಿಂತ ಎಷ್ಟೋ ದೊಡ್ಡವು, ಹಾಗಾಗಿ ಗಾಳಿ ಸಲೀಸು. ಕಣ ಹಿಡಿಯೋ ಕೆಲಸವನ್ನ ಪೂರ್ತಿ ಎಣ್ಣೆಗೆ ಬಿಟ್ಟ ಹಾಗೆ. ಧೂಳು ನಾರಿಗೆ ತಾಗಿದ ಕೂಡಲೇ ಅಂಟಿಕೊಳ್ಳುತ್ತೆ, ಆಮೇಲೆ ಎಣ್ಣೆ ಆ ಧೂಳಿನ ಮೇಲೂ ಏರಿ ಅದನ್ನೂ ಅಂಟು ಮಾಡುತ್ತೆ, ಬತ್ತಿಗೆ ಎಣ್ಣೆ ಏರೋ ಹಾಗೆ. ಒಳ್ಳೆ ಐಡಿಯಾನೇ. ಆದ್ರೆ ಎಣ್ಣೆ ಇರೋದು ಅಳತೆಯಷ್ಟು. ಧೂಳು ಎಣ್ಣೆಯನ್ನೆಲ್ಲ ಕುಡಿದ ಮೇಲೆ ಹೊಸ ಧೂಳಿಗೆ ಅಂಟೋಕೆ ಜಾಗ ಇರಲ್ಲ. ಎಲ್ಲಿ ಒಣಗುತ್ತೋ ಅಲ್ಲಿ ಅದು ಬರೀ ಬಟ್ಟೆ.

ಈಗ ನಂಬರ್. ಏರ್ ಫಿಲ್ಟರ್ ಪರೀಕ್ಷೆಗೆ ಐಎಸ್ಒ 5011 ಅಂತ ಒಂದು ಸ್ಟ್ಯಾಂಡರ್ಡ್ ಇದೆ. ಗಾತ್ರ ಗೊತ್ತಿರೋ ಧೂಳನ್ನ ತೂಕ ಮಾಡಿ ಗಾಳಿ ಜೊತೆ ಕಳಿಸ್ತಾರೆ, ಫಿಲ್ಟರ್ ದಾಟಿ ಬಂದಿದ್ದನ್ನ ಇನ್ನೊಂದು ಅತಿ ಸೂಕ್ಷ್ಮ ಫಿಲ್ಟರ್‌ನಲ್ಲಿ ಹಿಡಿದು ಮತ್ತೆ ತೂಕ ಮಾಡ್ತಾರೆ. ಒಳ್ಳೆ ಪೇಪರ್ ಫಿಲ್ಟರ್‌ಗಳು ಇದರಲ್ಲಿ ಶೇ. 99ಕ್ಕಿಂತ ಮೇಲೆ ಬರ್ತಾವೆ. ಎಣ್ಣೆ ಹತ್ತಿ ಫಿಲ್ಟರ್‌ಗೆ ತಯಾರಕರೇ ಸಾಮಾನ್ಯವಾಗಿ ಹೇಳ್ಕೊಳ್ಳೋದು ಶೇ. 96ರಿಂದ 99. ನಮ್ಮ ಫ್ರೆಂಡ್ಸ್ ಇಲ್ಲೇ ಎಡವೋದು. "97 ಎಲ್ಲಿ, 99 ಎಲ್ಲಿ, ಎರಡೂ ಡಿಸ್ಟಿಂಕ್ಷನ್ ತಾನೇ?" ಅಂತಾರೆ. ಮಾರ್ಕ್ಸ್ ಕಾರ್ಡ್‌ನಲ್ಲಿ ಹೌದು. ಎಂಜಿನ್‌ಗೆ ಹಂಗಲ್ಲ, ಯಾಕಂದ್ರೆ ಅದು ತಿನ್ನೋದು ಫಿಲ್ಟರ್ ಹಿಡಿದಿದ್ದನ್ನಲ್ಲ, ಬಿಟ್ಟಿದ್ದನ್ನ. ಶೇ. 99.5 ಹಿಡಿಯೋ ಫಿಲ್ಟರ್ ಬಿಡೋದು 0.5. ಶೇ. 97 ಹಿಡಿಯೋದು ಬಿಡೋದು 3. ಅಂದ್ರೆ ಆರು ಪಟ್ಟು. ಹಿಡಿದಿದ್ದನ್ನ ಹೋಲಿಸಿದ್ರೆ ಎರಡೂವರೆ ಪರ್ಸೆಂಟ್ ವ್ಯತ್ಯಾಸ, ಬಿಟ್ಟಿದ್ದನ್ನ ಹೋಲಿಸಿದ್ರೆ ಆರು ಪಟ್ಟು. ಪ್ಯಾಕೆಟ್ ಮೇಲೆ ಯಾವುದನ್ನ ಪ್ರಿಂಟ್ ಮಾಡ್ತಾರೆ ಅಂತ ನಿಮಗೇ ಗೊತ್ತು.

ಆರು ಪಟ್ಟು ಅಂದ್ರೂ ಯಾವುದರ ಆರು ಪಟ್ಟು? ಲೆಕ್ಕ ಹಾಕೋಣ. ಥಾರ್‌ನ ಡೀಸೆಲ್ ಎಂಜಿನ್ 2.2 ಲೀಟರ್. ಫೋರ್ ಸ್ಟ್ರೋಕ್ ಆಗಿರೋದ್ರಿಂದ ಎರಡು ಸುತ್ತಿಗೆ ಒಂದು ಸಲ ಪೂರ್ತಿ ಗಾಳಿ ಎಳೆಯುತ್ತೆ. ಕಚ್ಚಾ ರಸ್ತೆಯಲ್ಲಿ 2000 ಆರ್‌ಪಿಎಂ ಅಂದ್ಕೊಂಡ್ರೆ ನಿಮಿಷಕ್ಕೆ 2200 ಲೀಟರ್, ಗಂಟೆಗೆ 132 ಘನ ಮೀಟರ್. ಟರ್ಬೋ ಒತ್ತೋದನ್ನ ಸೇರಿಸಿದ್ರೆ ಸುಮಾರು 180 ಅಂತ ಇಟ್ಕೊಳ್ಳೋಣ. ಒಂದು ಹಾಸ್ಟೆಲ್ ರೂಮಿನಲ್ಲಿರೋ ಗಾಳಿಯನ್ನೆಲ್ಲ ಗಂಟೆಗೆ ನಾಲ್ಕೈದು ಸಲ ಕುಡಿದ ಹಾಗೆ. ಗಾಳಿಯಲ್ಲಿ ಧೂಳೆಷ್ಟು? ಫಿಲ್ಟರ್ ಇಂಜಿನಿಯರಿಂಗ್‌ನಲ್ಲಿ ಎದುರಿಗೆ ಏನೂ ಕಾಣದಂಥ ಧೂಳಿಗೆ ಘನ ಮೀಟರ್‌ಗೆ ಸುಮಾರು 0.9 ಗ್ರಾಂ ಅನ್ನೋ ಲೆಕ್ಕ ಇದೆ. ಇನ್ನೊಂದು ಗಾಡಿಯ ಬಾಲಕ್ಕೆ ಅಂಟಿಕೊಂಡು ಹೋಗುವಾಗ ನಾವು 0.5 ಅಂತ ತಗೊಳ್ಳೋಣ. ಗಂಟೆಗೆ 90 ಗ್ರಾಂ ಧೂಳು, ಒಂದು ಸಣ್ಣ ಟೀ ಲೋಟ ತುಂಬುತ್ತೆ. ಅದರಲ್ಲಿ 99.5ರ ಫಿಲ್ಟರ್ ದಾಟೋದು 0.45 ಗ್ರಾಂ, 97ರ ಫಿಲ್ಟರ್ ದಾಟೋದು 2.7 ಗ್ರಾಂ. ಎರಡು ದಿನದ ರೈಡ್‌ನಲ್ಲಿ ಅಂಥ ಗಂಟೆ ಮೂರು ಬಂದ್ರೆ ಒಂದೂ ಕಾಲು ಗ್ರಾಂ ಚಿಲ್ಲರೆ ಒಂದು ಕಡೆ, ಎಂಟು ಗ್ರಾಂ ಇನ್ನೊಂದು ಕಡೆ. ಎಂಟು ಗ್ರಾಂ ನುಣುಪು ಬೆಣಚು ಪುಡಿಯನ್ನ ನಿಮ್ಮ ಕೈಯಿಂದಲೇ ಇನ್‌ಟೇಕ್ ಪೈಪ್‌ಗೆ ಸುರೀತೀರಾ ಅಂತ ಕೇಳಿದ್ರೆ ಯಾರೂ ಹೂಂ ಅನ್ನಲ್ಲ. ಇದು ಕೆಟ್ಟ ಕೇಸ್ ಲೆಕ್ಕ ಅಂತ ಒಪ್ತೀನಿ. ಡಾಂಬರು ರಸ್ತೆಯಲ್ಲಿ ಧೂಳು ಇದರ ಸಾವಿರದಲ್ಲೊಂದು ಪಾಲೂ ಇರಲ್ಲ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಎಣ್ಣೆ ಫಿಲ್ಟರ್ ಹಾಕಿ ಓಡಿಸಿದವರು "ನಂಗೇನೂ ಆಗ್ಲಿಲ್ಲ" ಅನ್ನೋದು ಸುಳ್ಳಲ್ಲ. ಅವರ ಗಾಡಿಗೆ ಪರೀಕ್ಷೆಯೇ ಬಂದಿಲ್ಲ, ಅಷ್ಟೇ.

ಇದೇ ಲೆಕ್ಕದಲ್ಲಿ ಇನ್ನೊಂದು ವಿಷಯ ಸಿಕ್ತು, ಫಿಲ್ಟರ್‌ಗಿಂತ ಅದೇ ಮುಖ್ಯ ಅನ್ನಿಸ್ತು. ಫ್ಲೂಯಿಡ್ಸ್‌ನಲ್ಲಿ ಓದಿದ ಸ್ಟೋಕ್ಸ್ ನಿಯಮ ನೆನಪಿದೆಯಾ? 50 ಮೈಕ್ರಾನ್ ಬೆಣಚು ಕಣ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 20 ಸೆಂಟಿಮೀಟರ್ ವೇಗದಲ್ಲಿ ಕೆಳಗಿಳಿಯುತ್ತೆ. ಒಂದೂವರೆ ಮೀಟರ್ ಎತ್ತರದಿಂದ ನೆಲಕ್ಕೆ ಎಂಟು ಸೆಕೆಂಡ್ ಸಾಕು. 10 ಮೈಕ್ರಾನ್ ಕಣದ ವೇಗ ಸೆಕೆಂಡಿಗೆ 8 ಮಿಲಿಮೀಟರ್ ಮಾತ್ರ, ಅದಕ್ಕೆ ಮೂರು ನಿಮಿಷ ಬೇಕು. 5 ಮೈಕ್ರಾನ್‌ಗೆ ಹನ್ನೆರಡು ನಿಮಿಷ. ಅಂದ್ರೆ ಮುಂದಿನ ಗಾಡಿಯ ಧೂಳು ಕಣ್ಣಿಗೆ ಕಮ್ಮಿ ಆಯ್ತು ಅಂದಾಗಲೂ ಡೇಂಜರ್ ಸೈಜಿನ ಕಣಗಳು ಇನ್ನೂ ಬಾನೆಟ್ ಎತ್ತರದಲ್ಲೇ ತೇಲ್ತಿರ್ತಾವೆ. ನಮ್ಮ ಪುಣ್ಯಕ್ಕೆ ಜಗಳೂರು ಕಡೆ ಗಾಳಿಗೆ ಬರ ಇಲ್ಲ. ಅಡ್ಡಗಾಳಿ ಇದ್ರೆ ಧೂಳಿನ ಮೋಡ ಪಕ್ಕದ ಹೊಲಕ್ಕೆ ಹೋಗುತ್ತೆ. ರ‍್ಯಾಲಿಗಳಲ್ಲಿ ಕಾರುಗಳನ್ನ ಒಂದೊಂದಾಗಿ, ನಿಮಿಷಗಳ ಅಂತರ ಕೊಟ್ಟು ಬಿಡೋದ್ರಲ್ಲಿ ಧೂಳಿನ ವಿಚಾರವೂ ಇದೆ. ನಾಲ್ಕು ಗಾಡಿ ಒಟ್ಟಿಗೆ ಸಾಲಾಗಿ ರೀಲ್ಸ್‌ಗೆ ಚೆನ್ನಾಗಿ ಕಾಣುತ್ತೆ, ನಿಜ. ಆದ್ರೆ ಎರಡು ಮೂರು ನಿಮಿಷ ಗ್ಯಾಪ್ ಬಿಟ್ಟು, ಅಥವಾ ಗಾಳಿ ಬೀಸೋ ಮಗ್ಗುಲಲ್ಲಿ ಓಡಿಸಿದ್ರೆ, ಯಾವ ಬ್ರ್ಯಾಂಡ್ ಫಿಲ್ಟರ್‌ಗೂ ಆಗದಷ್ಟು ಉಪಕಾರ ಬಿಟ್ಟಿಯಾಗಿ ಆಗುತ್ತೆ.

ಸರಿ, ಪಿಕಪ್ ಕಥೆಗೆ ಬರೋಣ. ಎಣ್ಣೆ ಫಿಲ್ಟರ್ ಕೊಳ್ಳೋ ಹತ್ತರಲ್ಲಿ ಒಂಬತ್ತು ಜನ ಕೊಳ್ಳೋದು ಅದಕ್ಕೇ. ಸ್ವಚ್ಛವಾದ ಪೇಪರ್ ಫಿಲ್ಟರ್ ಪೂರ್ತಿ ಥ್ರಾಟಲ್‌ನಲ್ಲಿ ಕಳೆಯೋ ಒತ್ತಡ ಸಾಮಾನ್ಯವಾಗಿ ಒಂದೆರಡು ಕಿಲೋಪಾಸ್ಕಲ್. ವಾತಾವರಣದ ಒತ್ತಡ ಸುಮಾರು 100. ಫಿಲ್ಟರನ್ನೇ ಕಿತ್ತು ಬಿಸಾಕಿದ್ರೂ ಸಿಗೋದು ಹೆಚ್ಚಂದ್ರೆ ಒಂದೆರಡು ಪರ್ಸೆಂಟ್ ಗಾಳಿ. ಇನ್ನೊಂದು ಫಿಲ್ಟರ್ ಹಾಕಿದ್ರೆ ಅದರಲ್ಲೂ ಅರ್ಧ. ಪೆಟ್ರೋಲ್ ಬೈಕ್‌ನಲ್ಲಿ ಅರ್ಧ ಥ್ರಾಟಲ್ ಹಿಡಿದಿದ್ದೀರಾ ಅಂದ್ರೆ ದೊಡ್ಡ ಅಡ್ಡಿ ಥ್ರಾಟಲ್ ತಟ್ಟೆಯೇ, ಫಿಲ್ಟರ್ ಅಲ್ಲ. ಟರ್ಬೋ ಡೀಸೆಲ್‌ನಲ್ಲಿ ಇಸಿಯು ಬೂಸ್ಟನ್ನ ತನಗೆ ಬೇಕಾದಷ್ಟಕ್ಕೆ ಹೊಂದಿಸಿಕೊಳ್ಳುತ್ತೆ, ಆ ಸಣ್ಣ ವ್ಯತ್ಯಾಸ ಅಲ್ಲೇ ಮುಚ್ಚಿಹೋಗುತ್ತೆ. "ಆದ್ರೂ ಫೀಲ್ ಆಗುತ್ತೆ ಕಣೋ" ಅನ್ನೋರಿದ್ದಾರೆ. ಫೀಲ್ ಆಗೋದು ಶಬ್ದ. ಗಾಳಿ ಎಳೆಯೋ ಸದ್ದು ಜಾಸ್ತಿ ಆದಾಗ ಗಾಡಿ ಜೋರಾಗಿ ಓಡ್ತಿದೆ ಅಂತ ನಮ್ಮ ತಲೆ ಅಂದ್ಕೊಳ್ಳುತ್ತೆ. ಕಟ್ಟಿಹೋದ ಹಳೇ ಪೇಪರ್ ತೆಗೆದು ಹೊಸ ಎಣ್ಣೆ ಫಿಲ್ಟರ್ ಹಾಕಿದವನಿಗೆ ನಿಜವಾಗಲೂ ಪಿಕಪ್ ಬಂದಿರುತ್ತೆ. ಹೊಸ ಪೇಪರ್ ಹಾಕಿದ್ರೂ ಅದೇ ಬರ್ತಿತ್ತು.

ಬಾಕ್ಸ್ ಸಮೇತ ತೆಗೆದು ಬಾನೆಟ್ ಒಳಗೆ ಬರೀ ಕೋನ್ ಆಕಾರದ ಫಿಲ್ಟರ್ ಕೂರಿಸೋದು ಇದೆಯಲ್ಲ, ಅದಂತೂ ಮೂಗಿಗಿಂತ ಮೂಗುತಿ ಭಾರ. ಕಂಪನಿಯ ಏರ್‌ಬಾಕ್ಸ್ ಹೊರಗಿನ ತಣ್ಣನೆ ಗಾಳಿ ಎಳೆಯೋ ಹಾಗೆ ಮಾಡಿರ್ತಾರೆ. ಕೋನ್ ಎಳೆಯೋದು ಎಂಜಿನ್ ಪಕ್ಕದ ಬಿಸಿ ಗಾಳಿ. ಹೊರಗೆ 25 ಡಿಗ್ರಿ, ಒಳಗೆ 55 ಡಿಗ್ರಿ ಅಂದ್ರೆ ಗಾಳಿಯ ಸಾಂದ್ರತೆ ಶೇ. 9ರಷ್ಟು ಕಮ್ಮಿ. ಗಳಿಸಿದ್ದು ಒಂದು, ಕಳಕೊಂಡಿದ್ದು ಒಂಬತ್ತು. ಮೇಲಾಗಿ ಥಾರ್‌ಗೆ 650 ಮಿಲಿಮೀಟರ್ ನೀರಲ್ಲಿ ಇಳಿಯಬಹುದು ಅಂತ ಕಂಪನಿ ಹೇಳೋದು ಅದರದ್ದೇ ಇನ್‌ಟೇಕ್ ಅದರದ್ದೇ ಜಾಗದಲ್ಲಿದ್ರೆ ಮಾತ್ರ. ಕೋನ್ ಒಳಗೆ ನೀರು ಹೋದ್ರೆ ಪಿಸ್ಟನ್ ನೀರನ್ನ ಒತ್ತೋಕೆ ಹೋಗಿ ಕನೆಕ್ಟಿಂಗ್ ರಾಡ್ ಬಾಗುತ್ತೆ. ಜಗಳೂರಲ್ಲಿ ನೀರೆಲ್ಲಿದೆ ಅಂತ ನಗಬೇಡಿ. ಮಳೆ ಬಂದ ದಿನ ನಮ್ಮ ಹಳ್ಳಗಳೂ ಹಳ್ಳಗಳೇ.

ಎಂಎಎಫ್ ಸೆನ್ಸರ್ ವಿಷಯ ಚಿಕ್ಕದಾಗಿ ಹೇಳ್ತೀನಿ. ಈಗಿನ ಹೆಚ್ಚಿನ ಕಾಮನ್ ರೈಲ್ ಡೀಸೆಲ್‌ಗಳಲ್ಲಿ ಫಿಲ್ಟರ್ ಆದ ಕೂಡಲೇ ಗಾಳಿ ಅಳೆಯೋ ಒಂದು ಬಿಸಿ ಫಿಲ್ಮ್ ಇರುತ್ತೆ. ಗಾಳಿ ಅದನ್ನ ಎಷ್ಟು ತಣ್ಣಗೆ ಮಾಡುತ್ತೆ ಅನ್ನೋದರ ಮೇಲೆ ಅದು ಗಾಳಿಯ ಪ್ರಮಾಣ ಹೇಳುತ್ತೆ. ಫಿಲ್ಟರ್‌ಗೆ ಎಣ್ಣೆ ಜಾಸ್ತಿ ಹಾಕಿದ್ರೆ ಹನಿ ಹಾರಿ ಹೋಗಿ ಆ ಫಿಲ್ಮ್ ಮೇಲೆ ಕೂರುತ್ತೆ, ಅದರ ಮೇಲೆ ಧೂಳು ಕೂರುತ್ತೆ. ಕಂಬಳಿ ಹೊದಿಸಿದ ಹಾಗೆ. ಸೆನ್ಸರ್ ಗಾಳಿ ಕಮ್ಮಿ ಇದೆ ಅನ್ನುತ್ತೆ, ಇಸಿಯು ಡೀಸೆಲ್ ಕಮ್ಮಿ ಮಾಡುತ್ತೆ, ಪಿಕಪ್‌ಗೆ ಅಂತ ಹಾಕಿದ್ದು ಪಿಕಪ್ ತಿನ್ನುತ್ತೆ. ಅಳತೆ ಸರಿಯಾಗಿದ್ರೆ ಹಂಗೆ ಆಗಲ್ಲ ಅಂತ ಫಿಲ್ಟರ್ ಕಂಪನಿಗಳು ಹೇಳ್ತಾವೆ, ಅದೂ ಸರಿಯೇ. ಆದ್ರೆ ತೊಳೆದು ಎಣ್ಣೆ ಹಾಕೋನು ಲ್ಯಾಬ್‌ನಲ್ಲಿರಲ್ಲ, ಮನೆ ಅಂಗಳದಲ್ಲಿರ್ತಾನೆ. ಬೈಕ್‌ನವರು ಇದಕ್ಕೆ ಹೆದರಬೇಕಿಲ್ಲ. ನಮ್ಮ ಬೈಕ್‌ಗಳಲ್ಲಿ ಸಾಮಾನ್ಯವಾಗಿ ಗಾಳಿ ಅಳೆಯೋ ಬದಲು ಒತ್ತಡ ಅಳೆಯೋ ಸೆನ್ಸರ್ ಇರುತ್ತೆ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮಜ್ಜ ಕೇಳಿದ ಪ್ರಶ್ನೆಗೆ ಉತ್ತರ ಕೊಡ್ಲೇಬೇಕು. "ನಮ್ಮ ಹಳೇ ಟ್ರ್ಯಾಕ್ಟರ್ ಫಿಲ್ಟರ್‌ನಾಗೆ ಎಣ್ಣೆನೇ ಇತ್ತಲ್ಲೋ, ಅದು ಮೂವತ್ತು ವರ್ಸ ಈ ಧೂಳಾಗೇ ಉಳುಮೆ ಮಾಡ್ತು." ಮಾತು ನಿಜ. ಹಳೇ ಟ್ರ್ಯಾಕ್ಟರ್, ಹಳೇ ಜೀಪುಗಳಲ್ಲಿ ಇದ್ದದ್ದು ಆಯಿಲ್ ಬಾತ್. ಗಾಳಿ ಮೇಲಿನಿಂದ ಇಳಿದು, ತಳದಲ್ಲಿರೋ ಎಣ್ಣೆ ಬಟ್ಟಲಿನ ಮೇಲೆ ಗಕ್ಕನೆ ಯು ಟರ್ನ್ ಹೊಡೆಯುತ್ತೆ. ಭಾರದ ಧೂಳು ತಿರುಗಲಾರದೆ ಎಣ್ಣೆಗೆ ಬೀಳುತ್ತೆ. ಹಾರಿದ ಎಣ್ಣೆ ತುಂತುರು ಮೇಲಿನ ತಂತಿ ಜಾಲರಿಯನ್ನ ಒದ್ದೆ ಮಾಡಿ ಉಳಿದಿದ್ದನ್ನ ಹಿಡಿಯುತ್ತೆ, ಮತ್ತೆ ಹನಿಯಾಗಿ ಬಟ್ಟಲಿಗೇ ಬೀಳುತ್ತೆ. ಅಂದ್ರೆ ಅದು ತನ್ನನ್ನ ತಾನೇ ತೊಳ್ಕೊಳ್ಳುತ್ತೆ, ಮತ್ತು ಅದರಲ್ಲಿ ಎಣ್ಣೆ ಇರೋದು ಬಟ್ಟಲುಗಟ್ಟಲೆ, ಬಟ್ಟೆಗೆ ಸವರಿದಷ್ಟಲ್ಲ. ವ್ಯತ್ಯಾಸ ಇರೋದು ಇಲ್ಲೇ. ಮನೆಯಲ್ಲಿ ಅದರ ಬಟ್ಟಲು ಬಿಚ್ಚಿ ರಾಗಿ ಅಂಬಲಿ ಥರ ಆದ ಎಣ್ಣೆ ಚೆಲ್ಲಿ, ತಳದ ರಾಡಿ ಕೆರೆದು, ಹೊಸದು ಹಾಕೋದನ್ನ ಎಷ್ಟೋ ಸಲ ನೋಡಿದ್ದೀನಿ. ಆದ್ರೂ ಅದು ಹಿಡೀತಿದ್ದದ್ದು ಶೇ. 95ರಿಂದ 98 ಮಾತ್ರ, ಎಂಜಿನ್ ನಿಧಾನಕ್ಕೆ ಓಡುವಾಗ ಇನ್ನೂ ಕೆಳಗಿನ ಕಡೆಗೆ, ಯಾಕಂದ್ರೆ ಗಾಳಿಗೆ ವೇಗ ಇಲ್ಲದಿದ್ರೆ ಯು ಟರ್ನ್‌ನಲ್ಲಿ ಧೂಳು ಬೀಳಲ್ಲ. ಆ ಎಂಜಿನ್‌ಗಳನ್ನ ಬಿಚ್ಚಿ ಲೈನರ್ ಬದಲಾಯಿಸೋದು ಆಗ ಸಾಮಾನ್ಯ ಸಂಗತಿ, ಅಜ್ಜ ಆ ಖರ್ಚನ್ನ ಬಿತ್ತನೆ ಬೀಜದ ಖರ್ಚಿನ ಹಾಗೆ ಲೆಕ್ಕಕ್ಕೇ ತಗೊಂಡಿಲ್ಲ. ಹೊಸ ಟ್ರ್ಯಾಕ್ಟರ್‌ಗಳಲ್ಲಿ ಈಗ ಒಣ ಪೇಪರ್ ಫಿಲ್ಟರ್ ಬರ್ತಿದೆ. ಹಲವದರಲ್ಲಿ ಎರಡು: ಒಂದು ದೊಡ್ಡದು, ಅದರೊಳಗೆ ಇನ್ನೊಂದು ಸೇಫ್ಟಿ ಫಿಲ್ಟರ್. ಧೂಳಲ್ಲೇ ಹುಟ್ಟಿ ಧೂಳಲ್ಲೇ ಸಾಯೋ ಯಂತ್ರದವರೇ ಎಣ್ಣೆ ಬಿಟ್ಟು ಪೇಪರ್‌ಗೆ ಬಂದಿರುವಾಗ, ನಾವು ಪೇಪರ್ ಬಿಟ್ಟು ಎಣ್ಣೆಗೆ ಹೋಗ್ತೀವಿ ಅಂತಿದ್ದೀವಿ.

ಮೋಟೋಕ್ರಾಸ್ ಬೈಕ್‌ಗಳಲ್ಲಿ ಎಣ್ಣೆ ಹಚ್ಚಿದ ಸ್ಪಂಜ್ ಇರುತ್ತಲ್ಲ ಅಂತ ಕೇಳ್ತೀರಿ. ಹೌದು, ಅಲ್ಲಿ ಅದೇ ಸರಿ. ಸ್ಪಂಜ್ ದಪ್ಪಗಿರುತ್ತೆ, ಧೂಳು ಅದರ ಆಳಕ್ಕೆ ಇಳಿದು ಅಲ್ಲಲ್ಲೇ ಉಳಿಯುತ್ತೆ, ಕೆಸರು ನೀರು ಎರಚಿದ್ರೂ ಪೇಪರ್ ಥರ ಮೆತ್ತಗಾಗಿ ಕುಸಿಯಲ್ಲ. ಆದ್ರೆ ಅವರು ಪ್ರತಿ ರೈಡ್ ಆದ ಮೇಲೆ ಅದನ್ನ ತೊಳೀತಾರೆ, ಎಂಜಿನ್ ಆಯುಷ್ಯವನ್ನ ಕಿಲೋಮೀಟರ್‌ನಲ್ಲಿ ಅಲ್ಲ, ಗಂಟೆಗಳಲ್ಲಿ ಎಣಿಸ್ತಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ. ಅಂಥ ರ‍್ಯಾಲಿಯಲ್ಲಿ ರಾತ್ರಿ ಕ್ಯಾಂಪ್ ಮುಟ್ಟಿದ ಕೂಡಲೇ ಬೈಕ್ ಬಿಚ್ಚೋ ಕೆಲಸ ಶುರುವಾಗುತ್ತೆ. ಅವರ ಫಿಲ್ಟರ್ ನೋಡಿ ನಮ್ಮ ಫಿಲ್ಟರ್ ಆರಿಸೋದು, ಕುಸ್ತಿ ಪೈಲ್ವಾನನ ಊಟ ನೋಡಿ ನಮ್ಮ ತಟ್ಟೆ ತುಂಬಿಸ್ಕೊಂಡ ಹಾಗೆ. ಅಷ್ಟು ಕಸರತ್ತು ಮಾಡೋರಿಗೆ ಅದು ಸರಿ.

ಹಾಗಂತ ಎಣ್ಣೆ ಫಿಲ್ಟರ್ ಎಲ್ಲೂ ಬೇಡ ಅಂತ ನಾನು ಹೇಳ್ತಿಲ್ಲ. ಮಲೆನಾಡಿನ ಮಳೆಗಾಲದ ಟ್ರೇಲ್‌ಗಳಲ್ಲಿ ಗಾಳಿಯಲ್ಲಿ ಧೂಳೇ ಇರಲ್ಲ, ತೇವ ಇರುತ್ತೆ. ಒದ್ದೆಯಾದ ಪೇಪರ್ ಊದಿಕೊಂಡು ಗಾಳಿ ಕಟ್ಟುತ್ತೆ. ಅಲ್ಲಿ ಎಣ್ಣೆ ಹಚ್ಚಿದ ಹತ್ತಿ ಅಥವಾ ಸ್ಪಂಜ್‌ಗೆ ನಿಜವಾದ ಅನುಕೂಲ ಇದೆ. ಆ ವಿಡಿಯೋಗಳು ಸುಳ್ಳಲ್ಲ, ಊರು ಬೇರೆ. ತೊಳೆದು ಮತ್ತೆ ಬಳಸಬಹುದು ಅನ್ನೋದೂ ಒಳ್ಳೇದೇ, ಆದ್ರೆ ಜಗಳೂರಿನಂಥ ಕಡೆ ಅದೇ ತೊಂದರೆ. ತೊಳೆದ ಮೇಲೆ ತಾನಾಗೇ ಒಣಗಬೇಕು, ಬಿಸಿ ಗಾಳಿ ಹೊಡೆಯೋ ಹಾಗಿಲ್ಲ, ರಾತ್ರಿಯೆಲ್ಲ ಬೇಕಾಗುತ್ತೆ. ಆಮೇಲೆ ಎಣ್ಣೆ ಹಾಕಿ, ಅದು ಹರಡೋ ತನಕ ಕಾಯಬೇಕು. ಅಲ್ಲೀ ತನಕ ಗಾಡಿ ನಿಂತೇ ಇರಬೇಕು. ಕಿಟ್ ಸಿಗದಿದ್ರೆ ಎಂಜಿನ್ ಆಯಿಲ್ ಸವರೋರನ್ನೂ ನೋಡಿದ್ದೀನಿ. ಎಂಜಿನ್ ಆಯಿಲ್‌ಗೆ ಆ ಅಂಟು ಇಲ್ಲ, ತಳಕ್ಕೆ ಇಳಿದುಬಿಡುತ್ತೆ, ಮೇಲೆ ಒಣ ಬಟ್ಟೆ ಉಳಿಯುತ್ತೆ. ಪೇಪರ್ ಫಿಲ್ಟರ್ ನೂರುಗಳ ಲೆಕ್ಕ, ಎಣ್ಣೆ ಫಿಲ್ಟರ್ ಸಾವಿರಗಳ ಲೆಕ್ಕ, ತೊಳೆಯೋ ಕಿಟ್ ಬೇರೆ. ಆ ದುಡ್ಡಲ್ಲಿ ಎಷ್ಟು ಹೊಸ ಪೇಪರ್ ಬರುತ್ತೆ ಅಂತ ನಿಮ್ಮ ಗಾಡಿಗೆ ನೀವೇ ಭಾಗಿಸಿ ನೋಡಿ. ಎಂಜಿನ್ ಬೋರ್ ಕೆಲಸದ ಬಿಲ್ ಅಂತೂ ನಮ್ಮ ಕಡೆ ಒಂದು ಸೀಸನ್ ಈರುಳ್ಳಿ ದುಡ್ಡು ತಿನ್ನುತ್ತೆ, ಅದೂ ರೇಟ್ ಚೆನ್ನಾಗಿದ್ದ ವರ್ಷ.

ಹಾಗಾಗಿ ಮೆಸ್ ಟೇಬಲ್‌ನಲ್ಲಿ ನಾನು ಕೊಟ್ಟ ತೀರ್ಪು: ಥಾರ್‌ಗೆ ಎಣ್ಣೆ ಫಿಲ್ಟರ್ ಬೇಡ. ಹೊರಡೋ ಮುಂಚೆ ಕಂಪನಿಯ ಹೊಸ ಪೇಪರ್, ಬ್ಯಾಗಲ್ಲಿ ಇನ್ನೊಂದು ಸ್ಪೇರ್. ಅಣ್ಣನಿಗೆ ದುಡ್ಡು ಖರ್ಚು ಮಾಡ್ಲೇಬೇಕು ಅಂತಿದ್ರೆ ಟ್ರ್ಯಾಕ್ಟರ್‌ಗಳ ಬಾನೆಟ್ ಮೇಲೆ ಅಣಬೆ ಥರ ಕೂತಿರುತ್ತಲ್ಲ, ಆ ಪ್ರಿಕ್ಲೀನರ್ ಇರೋ ಸ್ನಾರ್ಕಲ್ ಹಾಕಿಸಲಿ. ಅದು ಗಾಳಿಯನ್ನ ಸುತ್ತು ತಿರುಗಿಸಿ ದಪ್ಪ ಧೂಳನ್ನ ಫಿಲ್ಟರ್‌ಗೆ ಮುಟ್ಟೋ ಮೊದಲೇ ಹೊರಗೆ ಎಸೆಯುತ್ತೆ, ಜೊತೆಗೆ ಚಕ್ರದ ಧೂಳಿಗಿಂತ ಎತ್ತರದಲ್ಲಿ ಗಾಳಿ ಎಳೆಯುತ್ತೆ. ರಂಗಯ್ಯನದುರ್ಗದ ಕಾಡಿನೊಳಗೆ ಗಾಡಿ ಇಳಿಸೋ ಪ್ಲಾನ್ ಕೂಡ ನಾನು ಕ್ಯಾನ್ಸಲ್ ಮಾಡ್ಸಿದೆ. ಅದು 2011ರಿಂದ ಕೊಂಡುಕುರಿ ವನ್ಯಧಾಮ, ಫಿಲ್ಟರ್‌ಗೂ ಅದಕ್ಕೂ ಸಂಬಂಧ ಇಲ್ಲ, ಆದ್ರೆ ಹೇಳ್ಬೇಕಾಗಿತ್ತು.

ಇನ್ನು ಫಿಲ್ಟರ್ ಯಾವುದೇ ಹಾಕಿ, ಅದರ ಅಂಚು ಸರಿಯಾಗಿ ಕೂರದಿದ್ರೆ ಮೇಲಿನ ಲೆಕ್ಕವೆಲ್ಲ ದಂಡ. ಗಾಳಿ ಯಾವಾಗಲೂ ಸುಲಭದ ದಾರಿ ಹುಡುಕುತ್ತೆ. ರಬ್ಬರ್ ಸೀಲ್‌ನಲ್ಲಿ ಕೂದಲೆಳೆ ಸಂದಿ ಇದ್ರೂ ಸೋಸದ ಗಾಳಿ ಅಲ್ಲಿಂದಲೇ ನುಗ್ಗುತ್ತೆ. ಬೇರೆ ಕಂಪನಿಯ ಫಿಲ್ಟರ್‌ಗಳಲ್ಲಿ ಅಳತೆ ಒಂಚೂರು ಆಚೀಚೆ ಇರೋದುಂಟು, ಬಾಕ್ಸ್ ಕ್ಲಿಪ್ ಒತ್ತಿ ಹಾಕಿದ್ರೆ ಹೊರಗಿನಿಂದ ಗೊತ್ತೇ ಆಗಲ್ಲ. ಇದನ್ನ ಪರೀಕ್ಷೆ ಮಾಡೋದು ಸುಲಭ. ಫಿಲ್ಟರ್ ಆದ ಮೇಲಿನ ಪೈಪ್‌ನ ಒಳಗೋಡೆಯನ್ನ ಬಿಳಿ ಬಟ್ಟೆಯಿಂದ ಒರೆಸಿ ಸ್ವಚ್ಛ ಮಾಡಿ, ತೆಳ್ಳಗೆ ಗ್ರೀಸ್ ಸವರಿ. ಒಂದು ದಿನ ಧೂಳಲ್ಲಿ ಓಡಿಸಿ ಮತ್ತೆ ಬಿಚ್ಚಿ ಬೆರಳಾಡಿಸಿ. ನುಣ್ಣಗಿದ್ರೆ ಸರಿ. ಬೆರಳಿಗೆ ಚರಚರ ಅಂದ್ರೆ ಅದೇ ಚರಚರ ಸಿಲಿಂಡರ್‌ನಲ್ಲೂ ಆಗ್ತಿದೆ.

ಮತ್ತೆ ಪಂಕ್ಚರ್ ಅಂಗಡಿಯಲ್ಲಿ ಪೇಪರ್ ಫಿಲ್ಟರ್‌ಗೆ ಫುಲ್ ಪ್ರೆಶರ್ ಗಾಳಿ ಹೊಡೆಸೋದನ್ನ ಬಿಡಿ. ಹೊರಗಿನಿಂದ ಹೊಡೆದ್ರೆ ಧೂಳು ನಾರಿನ ಒಳಕ್ಕೆ ಹೋಗುತ್ತೆ, ಹತ್ತಿರ ಹಿಡಿದು ಹೊಡೆದ್ರೆ ಕಣ್ಣಿಗೆ ಕಾಣದ ತೂತು ಬೀಳುತ್ತೆ. ತೂತು ಬಿದ್ದ ಪೇಪರ್, ಕೆಟ್ಟ ಎಣ್ಣೆ ಫಿಲ್ಟರ್‌ಗಿಂತಲೂ ಕಡೆ. ಸ್ಪೇರ್ ಇಲ್ಲದೆ ಊದಲೇಬೇಕಾಗಿ ಬಂದ್ರೆ ಒಳಗಿನಿಂದ ಹೊರಕ್ಕೆ, ದೂರದಿಂದ, 30 ಪಿಎಸ್ಐ ಒಳಗೆ, ಒಂದೇ ಸಲ. ಊರಿಗೆ ವಾಪಸ್ ಬಂದ ಕೂಡಲೇ ಅದನ್ನ ತೆಗೆದು ಹೊಸದು ಹಾಕಿ.